ಎದೆಮೂಳೆಯ ಬಲಬದಿ ಮತ್ತು ಪೆನ್ಸಿಲ್ ಪ್ರೋಬ್: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾನು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಲು ಕುಳಿತು ಹದಿನಾಲ್ಕು ವರ್ಷಗಳಾದವು. ಮೊದಲ ಎಂಟೊಂಬತ್ತು ವರ್ಷ ಅಯೋರ್ಟಿಕ್ ಸ್ಟೆನೋಸಿಸ್ (ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ರಕ್ತ ಬಿಡುವ ಕವಾಟ ಕಿರಿದಾಗುವ ರೋಗ) ರೋಗಿಗಳಿಗೆ ಎಷ್ಟು ಕಡಿಮೆ ಅಂಕಿಗಳನ್ನು ಬರೆದುಕೊಟ್ಟಿರಬಹುದು ಎಂದು ನೆನೆದರೆ ಈಗಲೂ ನೋವಾಗುತ್ತದೆ. ಆ ತಪ್ಪು ನನಗೆ ಗೊತ್ತಾದದ್ದು ಕೊಪ್ಪದ ಕಡೆಯ, ಎಪ್ಪತ್ತು ದಾಟಿದ ಒಬ್ಬ ಅಜ್ಜನಿಂದ.

ಅವರ ಕವಾಟದ ವಿಸ್ತೀರ್ಣ 0.8 ಚದರ ಸೆಂ.ಮೀ. ಬಂದಿತ್ತು, ಆದರೆ ಏಪೆಕ್ಸಿನಿಂದ, ಅಂದರೆ ಹೃದಯದ ತುದಿಯ ಕಡೆಯಿಂದ, ಸಿಕ್ಕ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 3.4 ಮೀಟರ್ ಮಾತ್ರ. ವಿಸ್ತೀರ್ಣ ರೋಗ ತೀವ್ರವೆನ್ನುತ್ತದೆ, 4 ಮೀಟರ್ ಮುಟ್ಟದ ವೇಗ ಮಧ್ಯಮವೆನ್ನುತ್ತದೆ. ಎಡ ಹೃತ್ಕುಕ್ಷಿಯ ಸಂಕೋಚನ ಚೆನ್ನಾಗಿಯೇ ಇತ್ತು. ಎಲ್‌ವಿಒಟಿ (ಕವಾಟದ ಕೆಳಗೆ ರಕ್ತ ಹೊರಡುವ ದಾರಿ) ಅಳತೆಯಲ್ಲಿ 2 ಮಿ.ಮೀ. ತಪ್ಪಿದರೆ ವಿಸ್ತೀರ್ಣದಲ್ಲಿ ಐದರಲ್ಲೊಂದು ಪಾಲು ಏರುಪೇರಾಗುತ್ತದೆ ಎಂಬುದನ್ನು ಬಲ್ಲ ನಾನು, ವಿಸ್ತೀರ್ಣವನ್ನೇ ಅನುಮಾನಿಸಿ ವೇಗವನ್ನು ನಂಬಿದೆ. ದೂರದ ದಾರಿ ಸವೆಸಿ ಅವರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಅಲ್ಲಿಯೂ ಏಪೆಕ್ಸಿನಿಂದಷ್ಟೇ ನೋಡಿ, ಮಧ್ಯಮವೆಂದು ಬರೆದು, ಆರು ತಿಂಗಳು ಬಿಟ್ಟು ಬರಲು ಹೇಳಿ ಕಳುಹಿಸಿದರು. ಐದನೆಯ ತಿಂಗಳಿನಲ್ಲಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಾಗ ಅವರು ಪ್ರಜ್ಞೆ ತಪ್ಪಿ ಬಿದ್ದರು. ಅಂದು ಅವರನ್ನು ಬಲಮಗ್ಗುಲಿಗೆ ಹೊರಳಿಸಿ, ಎದೆಮೂಳೆಯ ಬಲಬದಿಯಿಂದ ಸಾಧಾರಣ ಪ್ರೋಬಿನಲ್ಲೇ ಹುಡುಕಿದಾಗ ಮಸುಕು ಮಸುಕಾಗಿ 4 ಮೀಟರ್ ದಾಟಿದ ಅಲೆಯೊಂದು ಕಂಡಿತು.

ರಕ್ತದ ಚಿಮ್ಮು ಬಲಬದಿಗೆ ತಿರುಗಿದ್ದರೆ ಏಪೆಕ್ಸಿನಿಂದ ಪೂರ್ತಿ ವೇಗ ಸಿಗುವುದಿಲ್ಲ, ಬಲಬದಿಯಿಂದಲೂ ನೋಡಬೇಕೆಂಬುದು ನಾವೆಲ್ಲರೂ ಓದಿದ ಪಾಠವೇ. ರೋಗಿಗಳ ಸಾಲು ಬಾಗಿಲಲ್ಲಿ ನಿಂತಿರುವಾಗ ಎಷ್ಟು ಮಂದಿ ನೋಡುತ್ತೇವೆ ಎಂಬುದು ಬೇರೆ ಮಾತು. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ದೊಡ್ಡ ಪ್ರೋಬು ಪಕ್ಕೆಲುಬುಗಳ ನಡುವೆ ಕೂರುವುದೇ ಇಲ್ಲ. ಅದಕ್ಕಾಗಿ ಚಿತ್ರ ತೋರಿಸದ, ಡಾಪ್ಲರ್ (ರಕ್ತದ ವೇಗ ಅಳೆಯುವ ವಿಧಾನ) ಮಾತ್ರವಿರುವ ಪೆನ್ಸಿಲ್ ಪ್ರೋಬನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದೆ. ಹೊಸದಕ್ಕೆ ಎರಡೂವರೆ ಲಕ್ಷದ ಸುತ್ತ ಬೆಲೆ ಹೇಳಿದರು. ಹಣ ಉಳಿಸುವ ಆಸೆಯಿಂದ ತೊಂಬತ್ತು ಸಾವಿರಕ್ಕೆ ಹಳೆಯದೊಂದನ್ನು ತರಿಸಿದರೆ, ಅದರ ಕನೆಕ್ಟರ್ ನನ್ನ ಯಂತ್ರಕ್ಕೆ ಹೊಂದಲಿಲ್ಲ. ಮಾರಿದವರು ಹಿಂದಕ್ಕೆ ಪಡೆಯಲೂ ಇಲ್ಲ. ಮತ್ತೊಂದು ಸಿಗುವಷ್ಟರಲ್ಲಿ ಒಟ್ಟು ಎರಡು ಲಕ್ಷ ಮೀರಿತ್ತು. ‘ಚಿತ್ರವೇ ಕಾಣದ ಪ್ರೋಬಿನಿಂದ ಏನು ಅಳೆಯುತ್ತೀರಿ, ಅದರ ಕಾಲ ಮುಗಿಯಿತು’ ಎಂದು ನಾನು ಗೌರವಿಸುವ ಹಿರಿಯರೊಬ್ಬರೇ ಹೇಳಿದರು.

ಮೊದಲ ಎಂಟು ತಿಂಗಳು ಅವರ ಮಾತೇ ನಿಜವಾಗುವಂತೆ ತೋರಿತು. ಮೂಡಿಗೆರೆಯ ಒಬ್ಬ ಅಜ್ಜಿಗೆ ಏಪೆಕ್ಸಿನಲ್ಲಿ ಪೆನ್ಸಿಲ್ ಇಟ್ಟಾಗ 5 ಮೀಟರ್ ವೇಗ ಸಿಕ್ಕಿತೆಂದು ತೀವ್ರ ಸ್ಟೆನೋಸಿಸ್ ಎಂದು ಬರೆದೆ. ನಾನು ಹಿಡಿದದ್ದು ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಸೋರಿಕೆಯ ಅಲೆಯನ್ನು. ಆ ಕುಟುಂಬ ಕಾರು ಮಾಡಿಕೊಂಡು ಹೋಗಿ, ಹದಿನೆಂಟು ಇಪ್ಪತ್ತು ಸಾವಿರ ಖರ್ಚು ಮಾಡಿ, ಬರಿಗೈಯಲ್ಲಿ ಹಿಂದಿರುಗಿತು. ಅಂದಿನಿಂದ ವೇಗಕ್ಕೆ ಮೊದಲು ಅಲೆಯ ಅವಧಿಯನ್ನು ನೋಡುತ್ತೇನೆ. ಸೋರಿಕೆಯ ಅಲೆ ಮೈಟ್ರಲ್ ಕವಾಟ ಮುಚ್ಚಿದೊಡನೆ ಆರಂಭವಾಗಿ ಅದು ಮತ್ತೆ ತೆರೆಯುವವರೆಗೂ ನಡೆಯುತ್ತದೆ. ಅಯೋರ್ಟಿಕ್ ಅಲೆ ತುಸು ತಡವಾಗಿ ಎದ್ದು ಬೇಗ ಮುಗಿಯುತ್ತದೆ. ಪರದೆಯ ಮೇಲೆ ಇಸಿಜಿ ಗೆರೆ ಸ್ಪಷ್ಟವಾಗಿಲ್ಲದಿದ್ದರೆ ಪೆನ್ಸಿಲನ್ನು ಕೈಗೇ ತೆಗೆದುಕೊಳ್ಳುವುದಿಲ್ಲ.

ಕೊಪ್ಪದ ಅಜ್ಜ ಎರಡನೆಯ ಸಲ ಊರು ಬಿಡಲು ಒಪ್ಪಿರಲಿಲ್ಲ. ಪೆನ್ಸಿಲ್ ಬಂದ ಮೇಲೆ ಅವರಲ್ಲಿ ಬಲಬದಿಯಿಂದ ಸ್ಪಷ್ಟವಾಗಿ 4.3 ಸಿಕ್ಕಿತು. ಏಪೆಕ್ಸಿನ ಲೆಕ್ಕದಲ್ಲಿ 46 ಇದ್ದ ಗರಿಷ್ಠ ಗ್ರೇಡಿಯೆಂಟ್ (ಕವಾಟದ ಎರಡು ಬದಿಗಳ ಒತ್ತಡದ ವ್ಯತ್ಯಾಸ) 74 ಆಯಿತು. ಆ ವರದಿಯೊಂದಿಗೆ ಮಕ್ಕಳು ಅವರನ್ನು ಒಪ್ಪಿಸಿ ಕರೆದೊಯ್ದರು, ಕವಾಟ ಬದಲಾಯಿತು, ಕಳೆದ ವರ್ಷವೂ ತೋಟದ ಕಾಳುಮೆಣಸು ತಂದುಕೊಟ್ಟರು. ಇದುವರೆಗೆ ಸುಮಾರು 160 ಮಂದಿಯಲ್ಲಿ ಹೀಗೆ ನೋಡಿದ್ದೇನೆ. ನೆನಪಿನಿಂದ ಹೇಳುವುದಾದರೆ ನಲವತ್ತರಷ್ಟು ಜನರಲ್ಲಿ ಬಲಬದಿಯ ವೇಗವೇ ಹೆಚ್ಚಿತ್ತು, ಹದಿನೈದು ಇಪ್ಪತ್ತು ಜನರಲ್ಲಿ ರೋಗದ ದರ್ಜೆಯೇ ಬದಲಾಯಿತು. ಈ ಭಾಗದಲ್ಲಿ ನನ್ನಷ್ಟು ಪಟ್ಟುಹಿಡಿದು ಇದನ್ನು ಮಾಡಿದವರು ಇನ್ನೊಬ್ಬರಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಪ್ರೋಬನ್ನು ಯಾವ ಕೋನದಲ್ಲಿ ಒತ್ತಿ, ಉಸಿರಿನ ಯಾವ ಘಟ್ಟದಲ್ಲಿ ಸಡಿಲಿಸಬೇಕೆಂಬ ನನ್ನ ಪಟ್ಟನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದವರಿಗೆ ಕೈ ಹಿಡಿದು ತೋರಿಸುತ್ತೇನೆ.

ಬಲಬದಿಯಲ್ಲೂ ಅಂಕಿಗಳು ಹೊಂದದೆ ಉಳಿದವರಿಗೆ ಊರಿನ ಸ್ಕ್ಯಾನ್ ಸೆಂಟರಿನಲ್ಲಿ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ ಔಷಧ) ಇಲ್ಲದ ಸಿಟಿ ಮಾಡಿಸಿ ಕವಾಟದ ಕ್ಯಾಲ್ಸಿಯಂ ಸ್ಕೋರ್ (ಕವಾಟದಲ್ಲಿ ಕಟ್ಟಿದ ಸುಣ್ಣದ ಅಳತೆ) ತೆಗೆಯಲು ತೊಡಗಿದೆ. ಮೂತ್ರಪಿಂಡ ಸೋತ ವೃದ್ಧರಿಗೂ ಇದನ್ನು ನಿಶ್ಚಿಂತೆಯಿಂದ ಮಾಡಬಹುದು. ಆದರೆ ಮೊದಲ ಆರು ಸ್ಕ್ಯಾನುಗಳು ವ್ಯರ್ಥವಾದವು. ಎರಡನ್ನು ಇಸಿಜಿ ಗೇಟಿಂಗ್ (ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇಲ್ಲದೆ ತೆಗೆದಿದ್ದರು, ಉಳಿದವುಗಳಲ್ಲಿ ಸ್ಲೈಸ್ (ಚಿತ್ರದ ಪದರದ ದಪ್ಪ) 5 ಮಿ.ಮೀ. ಇತ್ತು. 120 ಕೆವಿ, 3 ಮಿ.ಮೀ. ಸ್ಲೈಸ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿ ಕನ್ಸೋಲಿನ ಮೇಲೆ ಅಂಟಿಸಿದ ಮೇಲೆಯೇ ಸರಿಹೋಯಿತು. ಕೊರೊನರಿ ರಕ್ತನಾಳದ ಬುಡದ ಸುಣ್ಣವನ್ನೂ ಮೈಟ್ರಲ್ ಕವಾಟದ ಬಳೆ, ಅಂದರೆ ಆನ್ಯುಲಸ್‌ನ ಸುಣ್ಣವನ್ನೂ ಕವಾಟದ ಲೆಕ್ಕಕ್ಕೆ ಸೇರಿಸಿಕೊಂಡು ಒಂದೆರಡು ಬಾರಿ ಮೋಸಹೋದೆ. ತೀವ್ರ ರೋಗಕ್ಕೆ ಗಂಡಸರಲ್ಲಿ 2000, ಹೆಂಗಸರಲ್ಲಿ 1200 ಎಂಬ ಗಡಿಗಳು ಬೇರೆ ಬೇರೆಯಾಗಿರುವುದನ್ನು ಮರೆಯಬಾರದು. 1500 ಬಂದ ಹೆಂಗಸನ್ನು ಗಂಡಸರ ಗಡಿಯಿಂದ ಅಳೆದರೆ ಅನ್ಯಾಯವಾಗುತ್ತದೆ. ರುಮ್ಯಾಟಿಕ್ ಜ್ವರದಿಂದ ಹಾಳಾದ ಕವಾಟಗಳಿಗೆ ಈ ಸ್ಕೋರನ್ನು ನಾನು ಬಳಸುವುದಿಲ್ಲ. ಸೆಂಟರಿನವರು ಮಧ್ಯಾಹ್ನದ ಬಿಡುವಿನಲ್ಲಿ ಎರಡು ಸಾವಿರಕ್ಕೆ ಮಾಡಿಕೊಡಲು ಒಪ್ಪಿದ್ದು ದೊಡ್ಡ ಉಪಕಾರ.

ನಡುವೆ ಅಂಗೈಯಗಲದ ಎಕೋ ಯಂತ್ರವನ್ನು ಕಾಫಿ ತೋಟದ ಲೈನ್ ಮನೆಗಳಿಗೇ ಒಯ್ಯುವ ಯೋಚನೆಯನ್ನೂ ಮಾಡಿದ್ದೆ. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನಿಯಮದ ಪ್ರಕಾರ ನೋಂದಾಯಿತ ಸ್ಥಳದ ಹೊರಗೆ ಅಂತಹ ಯಂತ್ರವನ್ನು ಮನಬಂದಂತೆ ಒಯ್ಯುವಂತಿಲ್ಲವಾದ್ದರಿಂದ ಅದನ್ನು ಕೈಬಿಟ್ಟು, ತೋಟದ ಜೀಪಿನಲ್ಲಿ ಕಾರ್ಮಿಕರನ್ನೇ ಕರೆತರುವಂತೆ ಮಾಲೀಕರನ್ನು ಒಪ್ಪಿಸಿದೆ. ಕಾಫಿ ಕೊಯ್ಲು ಮುಗಿಯುವವರೆಗೆ ಯಾರೂ ಬರುವುದಿಲ್ಲ. ಮಾರ್ಚಿನಲ್ಲಿ ಒಮ್ಮೆಗೇ ಬರುತ್ತಾರೆ. ಹಾಗೆ ಬಂದವರಲ್ಲಿ ಕಂಡ ಮೈಟ್ರಲ್ ಸ್ಟೆನೋಸಿಸ್ ರೋಗಿಗಳಿಗೆ ಮಲಗಿದಲ್ಲೇ ಕಾಲು ಎತ್ತಿಸಿ ಗ್ರೇಡಿಯೆಂಟ್ ಏರುವುದನ್ನು ನೋಡುವ ಪ್ರಯೋಗವನ್ನೂ ಮಾಡಿದೆ. ‘ಏರು ಹತ್ತಿದರೆ ಮಾತ್ರ ದಮ್ಮು ಬರ್ತದೆ, ಡಾಕ್ಟ್ರೇ’ ಎನ್ನುವವರಲ್ಲಿ ಅದು ಉಪಯೋಗಕ್ಕೆ ಬಂದಿತು. ಹೃದಯದ ಬಡಿತ ತಾಳ ತಪ್ಪಿದವರಲ್ಲಿ ಹತ್ತು ಬಡಿತಗಳ ಸರಾಸರಿ ತೆಗೆದರೂ ನಂಬುವಂತಹ ಅಂಕಿ ಸಿಗಲಿಲ್ಲ.

ಒಬ್ಬ ರೋಗಿಗೆ ಈಗ ನಲವತ್ತು ನಿಮಿಷ ಹಿಡಿಯುತ್ತದೆ, ದಿನಕ್ಕೆ ಮೂರು ಎಕೋ ಕಡಿಮೆಯಾಗಿವೆ, ಶುಲ್ಕ ಏರಿಸಿಲ್ಲ. ಎರಡು ಲಕ್ಷ ಇನ್ನೂ ಪೂರ್ತಿ ಹುಟ್ಟಿಲ್ಲ. ಗರಿಷ್ಠ ವೇಗ ಯಾವ ಜಾಗದಿಂದ, ಯಾವ ಪ್ರೋಬಿನಿಂದ, ಯಾವ ಮಗ್ಗುಲಲ್ಲಿ ಸಿಕ್ಕಿತೆಂದು ವರದಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಮುಂದಿನ ಬಾರಿ ನೋಡುವವರು ಅಲ್ಲಿಂದಲೇ ಅಳೆಯದಿದ್ದರೆ ರೋಗ ಇಳಿದಂತೆ ಕಾಣುತ್ತದೆ. ಅಂದು ಸಂದೇಹಪಟ್ಟ ಹಿರಿಯರು ಕಳೆದ ದೀಪಾವಳಿಯ ನಂತರ ತಮ್ಮ ಮೂವರು ರೋಗಿಗಳನ್ನು ಬಲಬದಿಯಿಂದ ನೋಡಿಕೊಡಿ ಎಂದು ಚೀಟಿ ಬರೆದು ನನ್ನಲ್ಲಿಗೆ ಕಳುಹಿಸಿದ್ದರು. ಅವರಲ್ಲಿ ಇಬ್ಬರ ವೇಗ 4 ಮೀಟರ್ ದಾಟಿತ್ತು.