ಲ್ಯಾಮಿಂಗ್ಟನ್ ರೋಡಿಗೆ ಹೊರಡುವ ಮುನ್ನ: ಗ್ರಾಫಿಕ್ಸ್ ಕಾರ್ಡ್ ಈಗಲೇ ಕೊಳ್ಳುವುದೋ, ಕಾಯುವುದೋ?

ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಗ್ರಾಂಟ್ ರೋಡ್ ಸ್ಟೇಷನ್ನಿಗೆ ಬಂದಿಳಿದು, ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಗ್ರಾಫಿಕ್ಸ್ ಕಾರ್ಡಿಗಾಗಿ (ಪಿಸಿಯ ಪರದೆಗೆ ಚಿತ್ರ ಮೂಡಿಸುವ ಬಿಡಿಭಾಗ) ನಾಲ್ಕೈದು ಅಂಗಡಿ ಹತ್ತಿಳಿದು, ‘ದೀಪಾವಳಿ ಬರಲಿ, ನೋಡೋಣ’ ಎಂದು ಬರಿಗೈಯಲ್ಲಿ ಮರಳುವವರು ಬಹಳ ಮಂದಿ. ಅಂಗಡಿಯವರು ‘ನಾಳೆ ಇನ್ನೂ ಏರುತ್ತೆ’ ಅಂದ ಒಂದೇ ಮಾತಿಗೆ ಮೂವತ್ತು ನಲವತ್ತು ಸಾವಿರ ಎಣಿಸಿ ಬರುವವರೂ ಇದ್ದಾರೆ. ಎರಡೂ ತೀರ್ಮಾನ ಅಂಗಡಿಯ ಕೌಂಟರಿನಲ್ಲಿ ಆದವು. ಅದು ಆಗಬೇಕಾದದ್ದು ಮನೆಯಲ್ಲಿ, ನಿಮ್ಮ ಪಿಸಿಯ ಮುಂದೆ. ಒಂದು ಸಂಜೆ, ಒಂದು ಅಳತೆ ಟೇಪು, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು.

ತಡೆ ಎಲ್ಲಿದೆ, ಮೊದಲು ಅದನ್ನು ಹಿಡಿಯಿರಿ

ಗೇಮ್ ತಡವರಿಸುತ್ತದೆ ಅಂದಕೂಡಲೇ ತಪ್ಪು ಕಾರ್ಡಿನದೇ ಎಂದುಕೊಳ್ಳಬೇಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಆಡುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ: ಕಾರ್ಡಿನ ಬಳಕೆ ಶೇಕಡಾ ಎಷ್ಟು, ಅದರ ಮೆಮೊರಿ ಎಷ್ಟು ತುಂಬಿದೆ, ಉಷ್ಣ ಎಷ್ಟು. ನಿಮಗೆ ತೊಂದರೆ ಕೊಡುವ ಅದೇ ಗೇಮನ್ನು, ಅದೇ ಜಾಗದಲ್ಲಿ, ಇಪ್ಪತ್ತು ನಿಮಿಷ ಆಡಿ. ಕಾರ್ಡಿನ ಬಳಕೆ ಶೇ. 95ರ ಮೇಲೆಯೇ ನಿಂತಿದ್ದರೆ ಕಾರ್ಡು ತನ್ನ ಶಕ್ತಿಯೆಲ್ಲ ಹಾಕಿ ದುಡಿಯುತ್ತಿದೆ, ಹೊಸದು ಹಾಕಿದರೆ ಉಪಯೋಗವಾಗುತ್ತದೆ. ಶೇ. 60-70ರಲ್ಲಿ ಓಲಾಡುತ್ತಿದ್ದರೆ ಕಾರ್ಡು ಕೆಲಸಕ್ಕಾಗಿ ಕಾಯುತ್ತಿದೆ, ತಡೆ ಪ್ರೊಸೆಸರಿನಲ್ಲೋ ರ‍್ಯಾಮಿನಲ್ಲೋ ಇದೆ.

ಖಚಿತ ಮಾಡಿಕೊಳ್ಳಲು ಇನ್ನೊಂದು ಸುಲಭ ಉಪಾಯ. ಗೇಮಿನ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ. ಫ್ರೇಮ್‌ಗಳು, ಎಂದರೆ ಸೆಕೆಂಡಿಗೆ ಮೂಡುವ ಚಿತ್ರಗಳು, ಚೆನ್ನಾಗಿ ಏರಿದರೆ ತಡೆ ಕಾರ್ಡಿನದು. ಅಲ್ಲಾಡದೆ ಇದ್ದಲ್ಲೇ ಇದ್ದರೆ ಪ್ರೊಸೆಸರಿನದು. ಅಂಥ ಯಂತ್ರಕ್ಕೆ ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಹಣ ನೀರಿಗೆ ಹಾಕಿದಂತೆಯೇ. ರ‍್ಯಾಮ್ ಒಂದೇ ಕಡ್ಡಿಯಾಗಿದ್ದರೆ ಅದನ್ನೂ ಗಮನಿಸಿ. ಒಂದು 16 ಜಿಬಿಗಿಂತ ಎರಡು 8 ಜಿಬಿ ಕಡ್ಡಿಗಳು ಪ್ರೊಸೆಸರಿಗೆ ಇಮ್ಮಡಿ ಅಗಲದ ದಾರಿ ಕೊಡುತ್ತವೆ.

ಮೂರನೆಯ ಸಾಧ್ಯತೆ ಕಾರ್ಡಿನ ಮೆಮೊರಿ ತುಂಬಿ ಹೋಗುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ಪುಟ ತೆರೆದರೆ ಡೆಡಿಕೇಟೆಡ್, ಶೇರ್ಡ್ ಎಂಬ ಎರಡು ಲೆಕ್ಕ ಇರುತ್ತವೆ. ಮೊದಲನೆಯದು ತುಂಬಿ ಎರಡನೆಯದು ಏರುತ್ತಿದ್ದರೆ ಕಾರ್ಡು ಪಿಸಿಯ ರ‍್ಯಾಮಿನಿಂದ ಸಾಲ ಪಡೆಯುತ್ತಿದೆ. ಸರಾಸರಿ ಫ್ರೇಮ್ ಚೆನ್ನಾಗಿ ಕಂಡರೂ ಮಧ್ಯೆ ಮಧ್ಯೆ ಗಕ್ಕನೆ ನಿಲ್ಲುವುದು ಇದರಿಂದಲೇ. ಗೇಮಿನ ಸೆಟ್ಟಿಂಗಿನಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರವಿವರ) ಮಟ್ಟವನ್ನು ಒಂದು ಹಂತ ಇಳಿಸಿ ನೋಡಿ. ಹೆಚ್ಚಿನ ಸಲ ಕಣ್ಣಿಗೆ ವ್ಯತ್ಯಾಸವೇ ಕಾಣದು, ತಡವರಿಕೆ ಮಾತ್ರ ಹೋಗುತ್ತದೆ.

ಗೇಮ್ ಆಡದೆ ವಿಡಿಯೋ ಎಡಿಟ್ ಮಾಡುವವರ ಮಾತು ಬೇರೆ. ಮುಂಬಯಿಯ ಸಭಾಗೃಹಗಳಲ್ಲಿ ಆಗುವ ಯಕ್ಷಗಾನ, ನಾಟಕ, ಸಂಘದ ವಾರ್ಷಿಕೋತ್ಸವಗಳನ್ನು ಚಿತ್ರಿಸುವವರ ಹೊಸ ಕ್ಯಾಮೆರಾಗಳು ಎಚ್.265 ಎಂಬ ವಿಡಿಯೋ ಸಂಕುಚನದಲ್ಲಿ, ಬಣ್ಣದ ವಿವರ ಹೆಚ್ಚಿರುವ 10 ಬಿಟ್, 4:2:2 ಕಡತ ಕೊಡುತ್ತವೆ. ಟೈಮ್‌ಲೈನಿನಲ್ಲಿ ಅದು ಮುಗ್ಗರಿಸುವುದು ಕಾರ್ಡು ದುರ್ಬಲ ಅಂತಲ್ಲ, ಆ ಬಗೆಯ ಕಡತ ಬಿಡಿಸುವ ಯಂತ್ರಾಂಶ ಅದರಲ್ಲಿ ಇಲ್ಲ ಅಂತ. ಎನ್‌ವಿಡಿಯಾ ಕಂಪನಿಯ ಕಾರ್ಡುಗಳಲ್ಲಿ ಅದು ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಿಂದ. ಆದರೆ ಇಂಟೆಲ್ 12ನೇ ತಲೆಮಾರಿನ ಮತ್ತು ಅದರ ನಂತರದ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲೇ ಆ ಸೌಲಭ್ಯವಿದೆ. ನಿಮ್ಮ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇಲ್ಲದಿದ್ದರೆ, ಬಯಾಸ್‌ನಲ್ಲಿ (ಪಿಸಿ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಆ ಗ್ರಾಫಿಕ್ಸನ್ನು ಚಾಲೂ ಮಾಡಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದೆ ತೊಂದರೆ ನೀಗಬಹುದು.

ಹಳೆಯ ಕಾರ್ಡಿಗೆ ಒಂದು ಸ್ನಾನ

ಉಷ್ಣ ನೋಡಿದಿರಲ್ಲ? ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನಡಿಯ ಕೋಣೆ 33 ಡಿಗ್ರಿ ಇದ್ದರೆ ಕಾರ್ಡು ಶುರುವಾಗುವುದೇ ಅಲ್ಲಿಂದ. ಹಾಟ್‌ಸ್ಪಾಟ್, ಎಂದರೆ ಚಿಪ್ಪಿನ ಅತಿ ಬಿಸಿಯ ಜಾಗ, 100 ಡಿಗ್ರಿ ದಾಟುತ್ತಿದ್ದರೆ ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿರುವ ಸಂಭವ ಹೆಚ್ಚು. ವಾರಂಟಿ ಮುಗಿದ ಕಾರ್ಡಾದರೆ ಬಿಚ್ಚಿ, ಧೂಳು ಬ್ರಷ್‌ನಿಂದ ತೆಗೆದು, ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟನ್ನು ಚಿಪ್ಪಿನ ಪೂರ್ತಿ ಮೈಗೆ ತೆಳ್ಳಗೆ ಹರಡಿ. ಇಲ್ಲಿ ಕೈಕೊಡುವುದು ಪೇಸ್ಟಲ್ಲ, ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್. 1 ಮಿ.ಮೀ. ಇದ್ದಲ್ಲಿ 1.5 ಮಿ.ಮೀ. ಪ್ಯಾಡ್ ಹಾಕಿದರೆ ಉಷ್ಣ ಹೀರುವ ಲೋಹದ ಹೀಟ್‌ಸಿಂಕ್ ಎತ್ತರಿಸಿ ನಿಂತು ಮುಖ್ಯ ಚಿಪ್ಪನ್ನು ಮುಟ್ಟುವುದೇ ಇಲ್ಲ, ಉಷ್ಣ ಮೊದಲಿಗಿಂತ ಏರುತ್ತದೆ. ಹರಿಯದ ಹಳೆಯ ಪ್ಯಾಡನ್ನು ಹಾಗೇ ಬಿಡುವುದು ಲೇಸು.

ಎನ್‌ವಿಡಿಯಾದ ಜಿಟಿಎಕ್ಸ್ 900 ಅಥವಾ 10 ಸರಣಿಯ ಕಾರ್ಡು ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಹೊಸ ಗೇಮುಗಳಿಗೆ ಹೊಂದಿಸಿದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇವಕ್ಕೆ 2025ರ ಅಕ್ಟೋಬರಿಗೆ ಕೊನೆಯಾಯಿತು. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿ ಮಾತ್ರ. ಹಳೆಯ ಗೇಮುಗಳೇ ಸಾಕೆನ್ನುವವರಿಗೆ ಇದರಿಂದ ಅವಸರವಿಲ್ಲ. ಹೊಸ ಗೇಮ್ ಆಡಬೇಕೆನ್ನುವವರು ಕಾಯುವುದರಲ್ಲಿ ಅರ್ಥ ಕಡಿಮೆ.

ಬೆಲೆ ಏರಿದ್ದು ಯಾತಕ್ಕೆ?

ಕಾದರೆ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಏರಿಸಿದ ಕಾರಣ ಹೋಗದೆ ಬೆಲೆ ಇಳಿಯುವುದಿಲ್ಲ.

2021ರಲ್ಲಿ ಕಾರ್ಡುಗಳು ನಿಗದಿ ಬೆಲೆಯ ಇಮ್ಮಡಿಗೆ ಮಾರಾಟವಾದಾಗ ಕಾಯುವುದು ಸರಿಯಾದ ಸಲಹೆಯಾಗಿತ್ತು. ಕೊಳ್ಳುತ್ತಿದ್ದವರಲ್ಲಿ ದೊಡ್ಡ ಪಾಲು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸಲು ಕಾರ್ಡುಗಳನ್ನು ದುಡಿಸುವ ಮೈನಿಂಗ್‌ನವರದು. ಆ ಜಾಲ 2022ರ ಸೆಪ್ಟೆಂಬರ್ 15ರಂದು ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು, ಕಾರಣ ಹೋಯಿತು. ಆ ವರ್ಷದುದ್ದಕ್ಕೂ ಬೆಲೆ ಇಳಿಯಿತು, ಸೆಕೆಂಡ್ ಹ್ಯಾಂಡ್ ಕಾರ್ಡುಗಳು ರಾಶಿ ರಾಶಿ ಬಂದವು.

ಈಗಿನ ಕಾರಣ ಬೇರೆ. ಕಾರ್ಡಿನ ಮೆಮೊರಿ ಚಿಪ್ಪು ಮಾಡುವುದು ಮುಖ್ಯವಾಗಿ ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ದುಬಾರಿ ಮೆಮೊರಿಯನ್ನು ಮಾಡುವವರೂ ಅವರೇ. ಹೆಚ್ಚು ಲಾಭ ಇರುವ ಕಡೆಗೆ ಉತ್ಪಾದನೆ ತಿರುಗಿತು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು, ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಈ ಕಾರಣಕ್ಕೆ ಸೆಪ್ಟೆಂಬರ್ 15ರಂಥ ಮುಹೂರ್ತ ಇಲ್ಲ. ಹೊಸ ಕಾರ್ಖಾನೆ ಕಟ್ಟಿ ಚಿಪ್ಪು ಹೊರಬರಲು ವರ್ಷಗಳೇ ಬೇಕು. ಆದ್ದರಿಂದ ‘ಇನ್ನೊಂದು ಎರಡು ತಿಂಗಳಲ್ಲಿ ಸರಿಯಾಗುತ್ತದೆ’ ಎಂದು ಕಾಯುವುದು ಈ ಸಲ ಗಟ್ಟಿ ಲೆಕ್ಕವಲ್ಲ. 16 ಜಿಬಿ ಕಾರ್ಡಿನಲ್ಲಿ ಮೆಮೊರಿ ಇಮ್ಮಡಿ ಇರುವುದರಿಂದ ಪೆಟ್ಟು ಹೆಚ್ಚು ಬೀಳುವುದೂ ಅದಕ್ಕೇ.

ಹೊಸ ಸರಣಿಗಾಗಿ ಕಾಯುವವರು ಹಳೆಯ ಲಯ ನೋಡಲಿ. ಆರ್‌ಟಿಎಕ್ಸ್ 30 ಬಂದದ್ದು 2020ರ ಸೆಪ್ಟೆಂಬರ್, 40 ಬಂದದ್ದು 2022ರ ಅಕ್ಟೋಬರ್, 50 ಬಂದದ್ದು 2025ರ ಜನವರಿ. ಎಂದರೆ 25ರಿಂದ 27 ತಿಂಗಳ ಅಂತರ. ಮೊದಲು ಬರುವುದು ಲಕ್ಷದ ಆಸುಪಾಸಿನ ಮತ್ತು ಅದರ ಮೇಲಿನ ಕಾರ್ಡುಗಳು. ಜನ ಹೆಚ್ಚಾಗಿ ಕೊಳ್ಳುವ 3060, 4060, 5060 ಬಂದದ್ದು ಅದಾದ ನಾಲ್ಕರಿಂದ ಎಂಟು ತಿಂಗಳ ಮೇಲೆ. ಇದೇ ಲಯ ನಡೆದರೂ ಮುಂದಿನ 60ರ ದರ್ಜೆಯ ಕಾರ್ಡಿಗೆ 2027ರ ಮಧ್ಯ ದಾಟಬೇಕು. ಕಂಪನಿ ದಿನಾಂಕ ಸಾರಿ, ಅದು ಎರಡು ತಿಂಗಳೊಳಗೆ ಇದ್ದರೆ ಮಾತ್ರ ಕಾಯಿರಿ.

ಹಾಳೆಯ ಮೇಲೆ ಎರಡು ಲೆಕ್ಕ

ಮೊದಲನೆಯದು, ಕೇಳುತ್ತಿರುವ ಬೆಲೆ ನ್ಯಾಯವೇ ಎಂಬುದು. ಬಿಡುಗಡೆಯ ಡಾಲರ್ ಬೆಲೆಯನ್ನು ನೀವು ಕೊಳ್ಳುವ ದಿನದ ರೂಪಾಯಿ ದರದಿಂದ ಗುಣಿಸಿ, 18 ಶೇಕಡಾ ಜಿಎಸ್‌ಟಿ ಸೇರಿಸಿ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ 299 ಡಾಲರಿನ ಆರ್‌ಟಿಎಕ್ಸ್ 5060ಕ್ಕೆ ಸುಮಾರು 31,750, 349 ಡಾಲರಿನ, ಎಎಂಡಿ ಕಂಪನಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ ಸುಮಾರು 37,050, 429 ಡಾಲರಿನ ಆರ್‌ಟಿಎಕ್ಸ್ 5060 ಟಿಐ 16 ಜಿಬಿಗೆ ಸುಮಾರು 45,550 ರೂಪಾಯಿ. ಇದರ ಆಸುಪಾಸು ಸಿಕ್ಕರೆ ಕೊಳ್ಳಬಹುದಾದ ಬೆಲೆ. ಶೇ. 15ಕ್ಕಿಂತ ಮೇಲೆ ಹೋದರೆ ಬೇರೆ ಮಾದರಿ ನೋಡಿ.

ಎರಡನೆಯದು ಕಾಯುವಿಕೆಯ ಬೆಲೆ. 36,000ದ ಕಾರ್ಡನ್ನು ನಾಲ್ಕು ವರ್ಷ ಬಳಸಿದರೆ ತಿಂಗಳಿಗೆ 750 ಬೀಳುತ್ತದೆ. ಆರು ತಿಂಗಳು ಕಾದು 3,000 ಉಳಿಸಿದಿರಿ ಎನ್ನಿ. ಆಗ ತಿಂಗಳಿಗೆ 500 ಉಳಿತಾಯ. ಎಡಿಟಿಂಗ್ ಅಥವಾ ಬ್ಲೆಂಡರ್ (3ಡಿ ಚಿತ್ರ ಮಾಡುವ ತಂತ್ರಾಂಶ) ಕೆಲಸದಿಂದ ಸಂಪಾದಿಸುವವರಿಗೆ ಒಂದು ತಡವಾದ ಆರ್ಡರ್ ಅದನ್ನು ನುಂಗುತ್ತದೆ, ಅವರು ಕಾಯಬಾರದು. ಮಗನಿಗೆ ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರವಿದ್ದು ಕಾರ್ಡು ಗೇಮಿಗೆ ಮಾತ್ರ ಎನ್ನುವ ಮನೆಯಲ್ಲಿ ಕಾಯಬಹುದು. ಈಗಿನ ಕಾರ್ಡು ಆರ್‌ಟಿಎಕ್ಸ್ 20 ಸರಣಿ ಅಥವಾ ನಂತರದ್ದಾಗಿ, ನೀವು ಆಡುವುದು 1080ಪಿಯಲ್ಲಾದರೆ ಗೇಮಿನ ಸೆಟ್ಟಿಂಗಿನಲ್ಲಿ ಡಿಎಲ್‌ಎಸ್‌ಎಸ್ (ಚಿಕ್ಕದಾಗಿ ಮೂಡಿಸಿದ ಚಿತ್ರವನ್ನು ಹಿಗ್ಗಿಸಿ ತೋರಿಸುವ ಸೌಲಭ್ಯ) ಕ್ವಾಲಿಟಿ ಮೋಡ್ ಹಾಕಿ 60 ಫ್ರೇಮ್ ಬರುತ್ತದೆಯೇ ನೋಡಿ. ಬಂದರೆ ಕಾಯುವುದೇ ಜಾಣತನ.

ಕೊಳ್ಳುವುದೆಂದು ಆದರೆ: ಟೇಪು ಮತ್ತು ಎಸ್‌ಎಂಪಿಎಸ್

ಕ್ಯಾಬಿನೆಟ್ಟಿನ ಹಿಂಬದಿಯ ಪಟ್ಟಿಯಿಂದ ಮುಂದಿನ ಫ್ಯಾನಿನವರೆಗೆ ಅಳೆಯಿರಿ. ಕಾರ್ಡಿನ ಉದ್ದಕ್ಕಿಂತ ಕನಿಷ್ಠ 20 ಮಿ.ಮೀ. ಹೆಚ್ಚಿರಲಿ. ಅಗಲವನ್ನೂ ನೋಡಿ, ವೈರಿನ ಪ್ಲಗ್ ಮೇಲಿದ್ದರೆ ಪಕ್ಕದ ಬಾಗಿಲು ಅದನ್ನು ಒತ್ತಬಾರದು.

ಎಸ್‌ಎಂಪಿಎಸ್‌ನ, ಎಂದರೆ ಪಿಸಿಗೆ ವಿದ್ಯುತ್ ಕೊಡುವ ಪೆಟ್ಟಿಗೆಯ, ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಎಡವುತ್ತಾರೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘450’ ಎಂದಿದ್ದರೆ 450 ವ್ಯಾಟ್ ಸಿಗುತ್ತದೆಂದು ಅರ್ಥವಲ್ಲ. ಪಕ್ಕದ ಲೇಬಲ್ ಓದಿ, +12 ವೋಲ್ಟ್ ಎಂಬ ಸಾಲಿನ ಆಂಪಿಯರನ್ನು 12ರಿಂದ ಗುಣಿಸಿ. 18 ಆಂಪಿಯರ್ ಎಂದಿದ್ದರೆ 216 ವ್ಯಾಟ್ ಅಷ್ಟೇ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಹೀರುವುದು ಇದೇ ಸಾಲಿನಿಂದ. 5060ಕ್ಕೆ 145 ವ್ಯಾಟ್, 9060 ಎಕ್ಸ್‌ಟಿ 16 ಜಿಬಿಗೆ 160, 9070 ಎಕ್ಸ್‌ಟಿಗೆ 304 ವ್ಯಾಟ್ ಬೇಕು. ಮೊದಲೆರಡಕ್ಕೆ ಒಳ್ಳೆಯ 550 ವ್ಯಾಟಿನದು, ಕೊನೆಯದಕ್ಕೆ 750 ವ್ಯಾಟಿನದು ಇಟ್ಟುಕೊಳ್ಳಿ. ಎಸ್‌ಎಂಪಿಎಸ್‌ನಲ್ಲಿ ಎಂಟು ಪಿನ್ನಿನ ವೈರ್ ಇಲ್ಲವೆಂದು ಹಳೆಯ ಮೋಲೆಕ್ಸ್ ವೈರಿಗೆ ಅಡಾಪ್ಟರ್ ಸಿಕ್ಕಿಸಬೇಡಿ. ಎಂಟು ಪಿನ್ನಿನ ಮೂಲಕ 150 ವ್ಯಾಟ್ ಹರಿಯುತ್ತದೆ, ಸಣ್ಣ ವೈರ್ ಕಾದು ಕರಗುತ್ತದೆ.

ಹಳೆಯ ಮದರ್‌ಬೋರ್ಡಿನವರಿಗೆ ಒಂದು ಮಾತು. 5060 ಮತ್ತು 5060 ಟಿಐ ಎಂಟೇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಹರಿಯುವ ದಾರಿ) ಬಳಸುತ್ತವೆ. ಹಳೆಯ, ನಿಧಾನದ ಪಿಸಿಐಇ 3.0 ಸ್ಲಾಟಿನ ಬೋರ್ಡಿನಲ್ಲಿ ಇವುಗಳ 8 ಜಿಬಿ ಮಾದರಿಗಳು ಮೆಮೊರಿ ತುಂಬಿದ ಕೂಡಲೇ ಹೆಚ್ಚು ಸೊರಗುತ್ತವೆ. 9060 ಎಕ್ಸ್‌ಟಿಗೆ ಹದಿನಾರು ಲೇನ್ ಇದೆ. ಇಂಟೆಲ್ ಆರ್ಕ್ ಬಿ580 ಕೊಳ್ಳುವವರು ರಿಸೈಜಬಲ್ ಬಾರ್ ಎಂಬ, ಪ್ರೊಸೆಸರು ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೇ ತಲುಪಲು ಬಿಡುವ ಆಯ್ಕೆ ಬಯಾಸ್‌ನಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅದು ಬೇಡ.

ಸೆಕೆಂಡ್ ಹ್ಯಾಂಡ್ ಕಾರ್ಡು ನಮ್ಮ ಕಡಲ ತೀರದ ಊರುಗಳಲ್ಲಿ ವಿಶೇಷ ಪರೀಕ್ಷೆ ಬೇಡುತ್ತದೆ. ಬೆಳಕಿಗೆ ಹಿಡಿದು ಸ್ಲಾಟಿಗೆ ಸಿಕ್ಕುವ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ. ಹಸಿರು ಪಾಚಿಯಂಥ ಚುಕ್ಕೆ ಇದ್ದರೆ, ಪಟ್ಟಿಯ ಸ್ಕ್ರೂ ತಲೆ ಕಂದು ಹಿಡಿದಿದ್ದರೆ, ಅದು ಉಪ್ಪುಗಾಳಿ ತಿಂದ ಕಾರ್ಡು. ಬಿಟ್ಟುಬಿಡಿ. ಹೊರಗಿನಿಂದ ಚೊಕ್ಕವಾಗಿದ್ದರೆ ಜಿಪಿಯು-ಜೆಡ್ ತಂತ್ರಾಂಶ ತೆರೆಯಿರಿ. ಹೆಸರು ತಿದ್ದಿದ ನಕಲಿ ಕಾರ್ಡನ್ನು ಅದು ಫೇಕ್ ಎಂದು ತೋರಿಸುತ್ತದೆ. ಆಮೇಲೆ ಮಾರುವವರ ಮುಂದೆಯೇ ಹದಿನೈದು ನಿಮಿಷ ಕಾರ್ಡನ್ನು ಪೂರ್ತಿ ದುಡಿಸುವ ಫರ್‌ಮಾರ್ಕ್ ತಂತ್ರಾಂಶ, ನಂತರ ಓಸಿಸಿಟಿಯ ಮೆಮೊರಿ ಪರೀಕ್ಷೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿ, ಚೌಕಳಿ ಮೂಡಿದರೆ ಮೆಮೊರಿ ಹೋಗಿದೆ.

ಅಂಗಡಿಯಲ್ಲಿ

ಸೆಂಟ್ರಲ್ ಲೈನಿನವರು ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಯ ಸ್ಲೋ ಗಾಡಿ ಹಿಡಿಯಿರಿ. ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಬೆಲೆ ಕೇಳುವಾಗಲೇ ‘ಬಿಲ್ ಕೆ ಸಾಥ್ ಕಿತ್ನಾ’ ಎಂದೇ ಕೇಳಿ. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಎಂದರೆ ಒಪ್ಪಬೇಡಿ, ಮೂರು ವರ್ಷದ ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಜಿಎಸ್‌ಟಿ ಬಿಲ್. ಬಿಲ್ಲಿನ ಸೀರಿಯಲ್ ನಂಬರು, ಡಬ್ಬಿಯ ನಂಬರು, ಕಾರ್ಡಿನ ಮೇಲಿನ ನಂಬರು ಮೂರೂ ಒಂದೇ ಇರಬೇಕು. ಭಾರತದ ಆಮದುದಾರರ ಹೆಸರಿನ ಸ್ಟಿಕ್ಕರ್ ಡಬ್ಬಿಯ ಮೇಲೆ ಇಲ್ಲದಿದ್ದರೆ ಇಲ್ಲಿ ವಾರಂಟಿ ಸಿಗುವ ಭರವಸೆಯಿಲ್ಲ.

ಮಳೆಗಾಲದಲ್ಲಿ ತಂದರೆ ಡಬ್ಬಿಯನ್ನು ಎರಡು ತಾಸು ಮುಚ್ಚಿಯೇ ಇಡಿ. ಎಸಿ ಅಂಗಡಿಯಲ್ಲಿ ತಣ್ಣಗಿದ್ದ ಲೋಹ ಒದ್ದೆ ಗಾಳಿಗೆ ಬಂದರೆ ಬೆವರುತ್ತದೆ, ಆ ತೇವದಲ್ಲಿ ವಿದ್ಯುತ್ ಹರಿಸಬಾರದು. ಸಿಕ್ಕಿಸುವಾಗ ಸ್ಲಾಟಿನ ಕೊಂಡಿ ಟಕ್ ಎನ್ನಬೇಕು. ದುಬಾರಿ ಕಾರ್ಡಿನ ಹದಿನಾರು ಪಿನ್ನಿನ ಪ್ಲಗ್ಗಾದರೆ ಕಾರ್ಡಿಗೂ ಪ್ಲಗ್ಗಿಗೂ ನಡುವೆ ಉಗುರು ಹೋಗುವಷ್ಟೂ ಸಂದು ಉಳಿಯಬಾರದು. 2022ರಲ್ಲಿ ಆರ್‌ಟಿಎಕ್ಸ್ 4090ರ ಪ್ಲಗ್ಗುಗಳು ಕರಗಿದ್ದಕ್ಕೆ ಅರ್ಧ ಸಿಕ್ಕಿಸಿದ್ದು ಒಂದು ಮುಖ್ಯ ಕಾರಣ. ಅದೇ ರಾತ್ರಿ ಒಂದು ತಾಸು ಭಾರದ ಗೇಮ್ ಓಡಿಸಿ ನೋಡಿ. ಕೆಟ್ಟ ಕಾರ್ಡನ್ನು ಅಂಗಡಿಯಲ್ಲೇ ಬದಲಿಸಿಕೊಡುವ ಅವಧಿ ಕೆಲವೇ ದಿನಗಳದು, ಎಷ್ಟು ದಿನ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡಿರಿ. ಆ ಬಿಲ್ಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಥರ್ಮಲ್ ಕಾಗದದ ಅಕ್ಷರ ಮೂರು ವರ್ಷ ಉಳಿಯುವುದಿಲ್ಲ.