ಕಿತ್ತಳೆ ಘಮ ಎಲ್ಲಿ ಹೋಯಿತು?

ನಮ್ಮ ತೋಟ ಸೋಮವಾರಪೇಟೆ ಕಡೆ. ಕಾಫಿ, ಕರಿಮೆಣಸು, ತೋಡಿನ ಬದಿಯಲ್ಲಿ ಒಂದಿಷ್ಟು ಏಲಕ್ಕಿ. ಅಪ್ಪನ ಕಾಲದಲ್ಲಿ ಕಾಫಿ ಗಿಡಗಳ ನಡುವೆ ಕಿತ್ತಳೆಯೂ ತುಂಬಾ ಇತ್ತು. ಗ್ರೀನಿಂಗ್ ರೋಗ ಬಂದು ಮರಗಳು ಒಂದೊಂದಾಗಿ ಒಣಗಿದವು. ಈಗ ಉಳಿದಿರುವುದು 11 ಮರ. ತೋಟದ ಹಳೆಯ ಗೋದಾಮಿನಲ್ಲಿ ಜಿನ್ ಎಂಬ ಮದ್ಯ ಮಾಡಲು ಹೊರಟಾಗ ನನಗಿದ್ದ ಆಸೆ ಒಂದೇ. ಕೊಡಗಿನ ಕಿತ್ತಳೆ ಸುಲಿದಾಗ ಬೆರಳಿಗೆ ಅಂಟುವ ಆ ಘಮ ಬಾಟಲಿಯಲ್ಲಿ ಸಿಗಬೇಕು.

ಲೈಸೆನ್ಸ್ ಕೈಗೆ ಬರುವವರೆಗೆ ಹಂಡೆಗೆ ಬೆಂಕಿ ಹಾಕಲಿಲ್ಲ. ಅದಿಲ್ಲದೆ ಒಂದು ಲೋಟ ಬಟ್ಟಿ ಇಳಿಸಿದರೂ ಅಪರಾಧ. ಮನೆಯಲ್ಲಿ ವೈನ್ ಮಾಡ್ತೇವಲ್ಲ, ಇದೂ ಹಾಗೇ ಅಂದುಕೊಳ್ಳಬೇಡಿ. ಸ್ಪಿರಿಟ್ ಹಬೆಗೆ ಕಿಡಿ ತಾಗಿದರೆ ಮುಗಿಯಿತು.

ಧಾನ್ಯದಿಂದ ತೆಗೆದ, ರುಚಿ ವಾಸನೆ ಇಲ್ಲದ 96% ಸ್ಪಿರಿಟ್ಟನ್ನು ನಾವು ಕೊಂಡು ತರುತ್ತೇವೆ. 80 ಲೀಟರಿಗೆ ಅಷ್ಟೇ ನೀರು ಸೇರಿಸಿ, 3 ಕೆಜಿ ಜುನಿಪರ್ ಕಾಯಿ, 1 ಕೆಜಿ ಕೊತ್ತಂಬರಿ ಬೀಜ ರಾತ್ರಿಯಿಡೀ ನೆನೆಸಿ, ತಾಮ್ರದ ಹಂಡೆಯಲ್ಲಿ ಮತ್ತೆ ಬಟ್ಟಿ ಇಳಿಸುತ್ತೇವೆ. ಜುನಿಪರ್ ನಮ್ಮಲ್ಲಿ ಬೆಳೆಯುವುದಿಲ್ಲ, ಹೊರಗಿನಿಂದಲೇ ತರಿಸಬೇಕು. ಆದರೆ ಅದರ ರುಚಿ ಮುಂದೆ ನಿಲ್ಲದಿದ್ದರೆ ಅದು ಜಿನ್ ಅಲ್ಲ.

ಇದು ಗೊತ್ತಿದ್ದೂ ಮೊದಲ ಸಲ ತೋಟದಲ್ಲಿ ಇದ್ದದ್ದೆಲ್ಲ ಸುರಿದೆ. ಏಲಕ್ಕಿ 400 ಗ್ರಾಂ, ಮೆಣಸು, ಶುಂಠಿ, ಕಾಫಿ ಬೀಜ, ಕಿತ್ತಳೆ ಸಿಪ್ಪೆ. ಚಿಕ್ಕಮ್ಮ ಒಂದು ಗುಟುಕು ನಾಲಿಗೆ ಮೇಲಿಟ್ಟು, 'ಶೀತಕ್ಕೆ ಕೊಡುವ ಕಷಾಯ ಆಯ್ತಲ್ಲ ಮಗ' ಅಂದರು. ನೀರು ಹಾಕಿ ತೀವ್ರತೆ ಇಳಿಸುವಾಗ ಹಾಲು ಕಲಸಿದ ಹಾಗೆ ಬೆಳ್ಳಗಾಯಿತು. ಮಸಾಲೆಯ ಎಣ್ಣೆ ತೀವ್ರವಾದ ಸ್ಪಿರಿಟ್ಟಿನಲ್ಲಿ ಕರಗಿರುತ್ತದೆ. ನೀರು ಜಾಸ್ತಿಯಾದಾಗ ಬೇರೆಯಾಗಿ ಮಸುಕಾಗುತ್ತದೆ. ಏಲಕ್ಕಿಯನ್ನು 60 ಗ್ರಾಮಿಗೆ ಇಳಿಸಿದೆ. ಶುಂಠಿ, ಕಾಫಿ ಎರಡನ್ನೂ ಬಿಟ್ಟೆ. ನೀರನ್ನು ಒಂದೇ ಸಲ ಸುರಿಯದೆ ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿ 42.8 ಪ್ರತಿಶತಕ್ಕೆ ತಂದೆ. ತಿಳಿಯಾಯಿತು. ಆದರೆ ಕಿತ್ತಳೆ ಮಾತ್ರ ಇಲ್ಲ.

ಸಿಪ್ಪೆ ಸರಿಯಿಲ್ಲವೇನೋ ಅಂದುಕೊಂಡೆ. ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದ್ದೆ, ಮಳೆಗಾಲಕ್ಕೆ ಎಲ್ಲವನ್ನೂ ಒಣಗಿಸುವ ಜಾಗ ಅದು. ಹೊಗೆ ವಾಸನೆ ನೇರ ಜಿನ್ನಿಗೆ ಇಳಿದಿತ್ತು. ಮುಂದಿನ ವರ್ಷ ಬಿಸಿಲು ಕಾಲದ ಹಣ್ಣನ್ನೇ ಕಾದು, ಕಾಫಿ ಕಣದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆಯ ನೆರಳಲ್ಲಿ ಒಣಗಿಸಿದೆ. ನಮ್ಮ ಕಿತ್ತಳೆಯ ಸಿಪ್ಪೆ ತೆಳು, ಸಡಿಲ. ಒಳಗಿನ ಬಿಳಿ ಭಾಗ ಕಡಿಮೆ, ಹಾಗಾಗಿ ಕಹಿ ಕಡಿಮೆ. ಅದನ್ನು ಹಂಡೆಯಲ್ಲಿ ಕುದಿಸದೆ, ಮೇಲೆ ಹಬೆ ಹಾದು ಹೋಗುವ ಬುಟ್ಟಿಯಲ್ಲಿ ಇಟ್ಟೆ. ಹೊಗೆ ಹೋಯಿತು. ಘಮ ಬಂದದ್ದು ಅರೆಬರೆ.

ಉತ್ತರ ಹೇಳಿದ್ದು ಚಿಕ್ಕಮ್ಮನ ಮೂಗು. ಬಟ್ಟಿಯಿಂದ ಮೊದಲು ಇಳಿಯುವ 5 ಲೀಟರನ್ನು ನಾನು ಬೇರೆ ಕ್ಯಾನಿಗೆ ತೆಗೆದಿಡುತ್ತಿದ್ದೆ. ಮೊದಲಿನದು ಕೆಟ್ಟದ್ದು, ಕುಡಿಯಬಾರದು ಎಂದು ಓದಿದ್ದೆ. ಅವರು ಆ ಕ್ಯಾನಿನ ಮುಚ್ಚಳ ತೆಗೆದು ಮೂಸಿ, 'ಕಿತ್ತಳೆ ಇಲ್ಲೇ ಇದೆಯಲ್ಲ, ಎಲ್ಲಿ ಹುಡುಕ್ತಿದ್ದೀಯ?' ಅಂದರು. ನನಗೆ ಮಾತೇ ಹೊರಡಲಿಲ್ಲ. ಹುಳಿ ಬಂದ ಬೆಲ್ಲದ ಕೊಳೆಯಿಂದ ಇಳಿಸುವಾಗ ಮೊದಲಿನದನ್ನು ಧಾರಾಳವಾಗಿ ಬಿಡಲೇಬೇಕು. ನಾವು ತರುವ ಸ್ಪಿರಿಟ್ ಆಗಲೇ ಶುದ್ಧ ಮಾಡಿದ್ದು. ಸಿಪ್ಪೆಯ ಹಗುರ ಎಣ್ಣೆಗಳು ಮೊದಲೇ ಏರಿ ಬರುತ್ತವೆ. ಆಮೇಲೆ ಜುನಿಪರ್, ಕೊತ್ತಂಬರಿ, ಕೊನೆಗೆ ಬೇಯಿಸಿದ ಸೊಪ್ಪಿನಂಥ ಮಂಕು ವಾಸನೆ. ಎರಡು ವರ್ಷ ನಾನು ನನ್ನ ಕಿತ್ತಳೆಯನ್ನೇ ತೆಗೆದು ಬದಿಗಿಡುತ್ತಿದ್ದೆ. ಈಗ ಮೊದಲ ಮುಕ್ಕಾಲು ಲೀಟರ್ ಮಾತ್ರ ಬಿಡುತ್ತೇವೆ. ಅಲ್ಲಿಂದ ಮುಂದೆ ಪ್ರತಿ ಲೀಟರನ್ನೂ ಚಿಕ್ಕಮ್ಮ ಮೂಸುತ್ತಾರೆ. ಆ ಮಂಕು ವಾಸನೆ ಸಿಕ್ಕಿ ಅವರು ಕೈ ಎತ್ತಿದ ಕೂಡಲೇ ಹಂಡೆಗೆ ಹೋಗುವ ಶಾಖ ನಿಲ್ಲಿಸುತ್ತೇನೆ.

ಇನ್ನೊಂದು ಮಾತು, ಮಲೆನಾಡಲ್ಲಿ ಇದಕ್ಕೆ ಇಳಿಯುವವರಿಗೆ. ಜುಲೈ ಮಳೆಯಲ್ಲಿ ಒಮ್ಮೆ ಬಟ್ಟಿ ನಡೆಯುವಾಗಲೇ ಕರೆಂಟ್ ಹೋಯಿತು. ತಣ್ಣೀರಿನ ಪಂಪು ನಿಂತಿತು. ಹಬೆ ತಣಿಯದೆ ಹಾಗೇ ಹೊರಗೆ ಬರತೊಡಗಿತು. ಶಾಖ ನಿಲ್ಲಿಸಿ, ಬಾಗಿಲೆಲ್ಲ ತೆರೆದು, ಎಲ್ಲರನ್ನೂ ಮಳೆಗೆ ಓಡಿಸಿದೆ. ಈಗ ಗುಡ್ಡದ ಮೇಲೆ ಒಂದು ಟ್ಯಾಂಕ್ ಇದೆ. ತೋಡಿನ ನೀರು ಅದಕ್ಕೆ ಬೀಳುತ್ತದೆ, ಅಲ್ಲಿಂದ ಪಂಪಿನ ಹಂಗಿಲ್ಲದೆ ಇಳಿದು ಬರುತ್ತದೆ.

11 ಮರದ ಸಿಪ್ಪೆ ವರ್ಷಕ್ಕೆ ಸಾಲುವುದಿಲ್ಲ. ಹೋದ ಜೂನಿನಲ್ಲಿ 50 ಸಸಿ ನೆಟ್ಟಿದ್ದೇವೆ. ರೋಗ ಹರಡುವ ಸಣ್ಣ ಹುಳು ಚಿಗುರಿಗೇ ಬರುವುದು. ಅದಕ್ಕೇ ವಾರಕ್ಕೊಮ್ಮೆ ಚಿಕ್ಕಮ್ಮನೂ ನಾನೂ ಒಂದೊಂದು ಸಸಿಯ ಎಲೆ ಮಗುಚಿ ನೋಡುತ್ತೇವೆ.