ಮಲಯ ಭಾಷೆಯನ್ನು ಓದಿ ಉಚ್ಚರಿಸುವ ಬಗೆ

ಮಲಯ ಭಾಷೆಗೆ ಅರಬ್ಬಿ ಮೂಲದ ಜಾವಿ ಲಿಪಿಯೂ ಇದೆ. ಆದರೆ ಕಲಿಕೆಯನ್ನು ನಿತ್ಯಬಳಕೆಯ ರೂಮಿಯಿಂದ, ಅಂದರೆ 26 ರೋಮನ್ ಅಕ್ಷರಗಳಿಂದ ಆರಂಭಿಸುವುದು ಒಳ್ಳೆಯದು. ಮೊದಲು ಇಂಗ್ಲಿಷಿನ ಓದುವ ರೂಢಿಯನ್ನು ಬದಿಗಿಡಿ. 'ಸಿ' ಅಕ್ಷರವನ್ನು ಯಾವಾಗಲೂ 'ಚ' ಎಂದೇ ಓದಬೇಕು; ಮಲೇಷ್ಯಾ ಮತ್ತು ಇಂಡೋನೇಷ್ಯಾ 1972ರಲ್ಲಿ ತಮ್ಮ ಕಾಗುಣಿತವನ್ನು ಹೊಂದಿಸಿಕೊಂಡಾಗ ಎರಡೂ ಕಡೆ ನೆಲೆಯಾದ ನಿಯಮವಿದು.

ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಬಿಟ್ಟುಬಿಟ್ಟ ಙ, ಞಗಳಿಗೆ ಇಲ್ಲಿ ನಿಜವಾದ ಕೆಲಸವಿದೆ, ಮತ್ತು ಇದು ಕನ್ನಡಿಗರಿಗೆ ದೊಡ್ಡ ಅನುಕೂಲ. 'ಎನ್', 'ಜಿ' ಜೊತೆಯಾಗಿ ಬಂದರೆ ಅದು ಒಂದೇ ಧ್ವನಿ. ಹೂವಿಗೆ 'ಬುಙ' ಎನ್ನಬೇಕೇ ಹೊರತು 'ಬುಂಗ' ಎನ್ನಬಾರದು. ಗಕಾರ ಕೇಳಿಸಬೇಕಾದಲ್ಲಿ ಇನ್ನೊಂದು 'ಜಿ' ಸೇರುತ್ತದೆ, ಏಣಿ ಎಂಬರ್ಥದ 'ತಂಗ' ಪದದಲ್ಲಿರುವಂತೆ. ಸೊಳ್ಳೆ 'ಞಾಮುಕ್' ಆಗುತ್ತದೆ. ಅದರ ಕೊನೆಯ ಕಕಾರವನ್ನು ಬಿಡಿಸಿ ಹೇಳದೆ, ಗಂಟಲಲ್ಲೇ ಉಸಿರನ್ನು ತಟ್ಟನೆ ತಡೆಯಬೇಕು.

ನಿಜವಾದ ತೊಡಕಿರುವುದು ಐದನೆಯ ರೋಮನ್ ಅಕ್ಷರವಾದ 'ಇ'ಯಲ್ಲಿ. ಅದು ಕೆಲವೆಡೆ ಸ್ಪಷ್ಟವಾದ 'ಎ', ಹಲವೆಡೆ ನಮ್ಮ ಹ್ರಸ್ವ ಅಕಾರವನ್ನು ಹೋಲುವ ಮಂದ ಸ್ವರ. ಒಂದೇ ಬರಹದ ಪದ 'ಪರಙ್' ಎಂದರೆ ಯುದ್ಧ, 'ಪೆರಙ್' ಎಂದರೆ ಕಂದು ಬಣ್ಣ. ಬರಹದಲ್ಲಿ ಗುರುತಿಲ್ಲದ ಕಾರಣ, ಪ್ರತಿ ಹೊಸ ಪದವನ್ನೂ ಕೇಳಿಯೇ ಕಲಿಯಬೇಕು.